ಮಾದಪ್ಪನ ಬೆಟ್ಟ ಇಳಿಯಲು ಎಷ್ಟು ಮಿಲಿಮೀಟರ್?

ಕೊಳ್ಳೇಗಾಲದ ಸುತ್ತಿನ ಗದ್ದೆ ಬಯಲಲ್ಲಿ ಸೈಕಲ್ಲಿನ ಬ್ರೇಕಿಗೆ ಯಾವ ಅಳತೆಯ ಡಿಸ್ಕ್ ಹಾಕಿದರೂ ನಡೆಯುತ್ತದೆ. ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೋ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೋ ಹೊರಟರೆ ಲೆಕ್ಕ ಬೇರೆ. ರೋಡ್ ಬೈಕಿಗೆ ಸಾಮಾನ್ಯವಾಗಿ ಸಿಗುವ ಡಿಸ್ಕ್ ವ್ಯಾಸ ಎರಡು: 140 ಮಿ.ಮೀ. ಮತ್ತು 160 ಮಿ.ಮೀ.

1. ಏರು ಮರೆತು ಇಳಿಜಾರು ನೋಡಿ. ತಾಳಬೆಟ್ಟದ ಕಡೆಗೆ ಇಳಿಯುವಾಗ ಬಸ್ ಡ್ರೈವರು ಗೇರ್ ಇಳಿಸಿ ಭಾರವನ್ನು ಎಂಜಿನ್ನಿನ ಮೇಲೆ ಹಾಕುತ್ತಾರೆ. ಸೈಕಲ್ಲಿಗೆ ಆ ಅನುಕೂಲ ಎಲ್ಲಿದೆ? ಸವಾರ, ಸೈಕಲ್, ಚೀಲ ಸೇರಿ 90 ಕೆ.ಜಿ. ಅಂದುಕೊಳ್ಳಿ. 300 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಸುಮಾರು 265 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಮುಕ್ಕಾಲು ಲೀಟರ್ ನೀರು ಕುದಿ ಬರಲು ಅಷ್ಟು ಸಾಕು. ಒಂದಿಷ್ಟು ಗಾಳಿಗೆ ಹೋಗುತ್ತದೆ. ಉಳಿದದ್ದನ್ನೆಲ್ಲ ಹಿಂದು ಮುಂದಿನ ಎರಡು ತೆಳು ಡಿಸ್ಕ್ ತಟ್ಟೆಗಳೇ ನುಂಗಬೇಕು.

2. ಮುಂದೆ 160, ಚೌಕಾಸಿ ಬೇಡ. ಬ್ರೇಕ್ ಹಿಡಿದೊಡನೆ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ದುಡಿಮೆ ಮುಂದಿನ ಚಕ್ರದ್ದೇ. ಬೆರಳಿನ ಒತ್ತು ಅಷ್ಟೇ ಇದ್ದರೂ 140ಕ್ಕಿಂತ 160ರಲ್ಲಿ ಹಿಡಿತ ಸುಮಾರು ಶೇ 14ರಷ್ಟು ಜಾಸ್ತಿ, ಶಾಖ ಆರಲು ಜಾಗವೂ ಜಾಸ್ತಿ.

3. ಹಿಂದಿನದ್ದು ನಿಮ್ಮ ಮೈತೂಕಕ್ಕೆ ಬಿಟ್ಟದ್ದು. ಹಗುರ ಆಳಾದರೆ 140 ಸಾಕು. ದಪ್ಪಗಿದ್ದರೆ, ಚೀಲ ಕಟ್ಟುವವರಾದರೆ ಅಲ್ಲಿಯೂ 160. ಗ್ರಾಂ ಲೆಕ್ಕದ ಉಳಿತಾಯ ರೇಸಿನವರಿಗಿರಲಿ.

4. 180ರ ಆಸೆ ಇದ್ದರೆ ಮೊದಲು ಫೋರ್ಕ್ ತಯಾರಕರು ಹಾಕಿರುವ ಮಿತಿ ನೋಡಿ. ಅದಕ್ಕಿಂತ ದೊಡ್ಡದು ಕೂಡದು.

5. ಅಂಗಡಿಗೆ ಹೋಗುವ ಮುನ್ನ ಹಬ್ ನೋಡಿಕೊಳ್ಳಿ: ಆರು ಬೋಲ್ಟಿನದೋ, ಸೆಂಟರ್‌ಲಾಕೋ? ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿದ್ದರೆ ಲೋಹದ ಪ್ಯಾಡ್ ಹಾಕಬೇಡಿ, ತಟ್ಟೆ ಬೇಗ ಸವೆಯುತ್ತದೆ. ಕನಿಷ್ಠ ದಪ್ಪವನ್ನೂ ಅಲ್ಲೇ ಕೊರೆದಿರುತ್ತಾರೆ, ಎಷ್ಟೋ ಡಿಸ್ಕುಗಳಲ್ಲಿ 1.5 ಮಿ.ಮೀ.

6. ಹೊಸ ಡಿಸ್ಕನ್ನು ನೇರ ಬೆಟ್ಟಕ್ಕೆ ಒಯ್ಯಬೇಡಿ. ಬಯಲ ರಸ್ತೆಯಲ್ಲಿ ವೇಗ ಹೆಚ್ಚಿಸಿ, ಪೂರ್ತಿ ನಿಲ್ಲಿಸದೆ ತಗ್ಗಿಸಿ. ಇಪ್ಪತ್ತು ಸಲ ಹೀಗೆ ಮಾಡಿದರೆ ಪ್ಯಾಡ್ ಕೂರುತ್ತದೆ.

7. ಉದ್ದಕ್ಕೂ ಬ್ರೇಕ್ ಸವರುತ್ತ ಇಳಿಯಬಾರದು. ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ಬಿಡಿ, ಡಿಸ್ಕ್ ಉಸಿರಾಡಲಿ. ಲಿವರ್ ಹ್ಯಾಂಡಲ್‌ವರೆಗೂ ಬಂತೆಂದರೆ ಪಕ್ಕಕ್ಕೆ ನಿಲ್ಲಿಸಿ, ತಾನಾಗಿ ಆರಲಿ. ನೀರು ಸುರಿಯಬೇಡಿ, ಮುಟ್ಟಲೂಬೇಡಿ. ಬಿಳಿಗಿರಿಯಲ್ಲಿ ಮಾತ್ರ ಈ ನಿಲ್ಲುವ ಉಪಾಯವೇ ಕಷ್ಟ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ, ಕಂಡಕಂಡಲ್ಲಿ ಇಳಿದು ಕೂರುವಂತಿಲ್ಲ. ಸೈಕಲ್ ಬಿಡುತ್ತಾರೋ ಇಲ್ಲವೋ, ಎಷ್ಟು ಗಂಟೆಯವರೆಗೆ ಎಂಬುದನ್ನು ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಕೊಂಡೇ ಪೆಡಲ್ ತುಳಿಯಿರಿ.