ಮೊದಲು ನೀರಿಗೆ ದಾರಿ

ತರೀಕೆರೆ ಕಡೆಯ ಗುಡ್ಡದ ಮಣ್ಣುರಸ್ತೆಗಳನ್ನು ಹಾಳುಮಾಡುವುದು ಲಾರಿ ಎಂದು ಬಹಳ ಜನ ನಂಬಿದ್ದಾರೆ. ಡೋಜರ್ ಸೀಟಿನಲ್ಲಿ ಕೂತು ಇಷ್ಟು ವರ್ಷ ಕಂಡ ಮೇಲೆ ನಾನು ಹಾಗೆ ಹೇಳಲಾರೆ. ಲಾರಿ ಬಿಟ್ಟುಹೋಗುವುದು ಗಾಲಿಯ ಜಾಡು ಮಾತ್ರ. ಆ ಜಾಡು ಹಿಡಿದು ಮಳೆನೀರು ಇಳಿಯತೊಡಗಿತೆಂದರೆ ರಸ್ತೆಯ ಕತೆ ಮುಗಿಯಿತು. ಇನ್ನೊಂದು ಮಾತು, ನನ್ನ ಕಸುಬಿನವರಿಗೇ ಹಿಡಿಸದ ಮಾತು: ವರ್ಷವರ್ಷವೂ ಕರೆಸಿ ಕೆರೆಸುವ ಡೋಜರೂ ನೀರಿನ ಕೆಲಸವನ್ನು ಸುಲಭ ಮಾಡಿಕೊಡುತ್ತದೆ.

ಲಿಂಗದಹಳ್ಳಿ ದಾಟಿ ಕಲ್ಹತ್ತಿಗಿರಿ, ಸಂತವೇರಿ ಕಡೆ ಏರುವ ತೋಟದ ರಸ್ತೆಗಳಲ್ಲಿ ಎರಡೂ ಬದಿಗೆ ಆಳೆತ್ತರದ ದರೆ ಇರುವ ಜಾಗಗಳನ್ನು ನೋಡಿರಬಹುದು. ಅವುಗಳಲ್ಲಿ ಎಷ್ಟೋ ಕಡೆ ಮೊದಲು ದರೆ ಇರಲೇ ಇಲ್ಲ. ರಸ್ತೆಯೇ ತಗ್ಗಿಗೆ ಇಳಿದಿದೆ. ಬೇಸಿಗೆ ಬಂತು, ಡೋಜರ್ ಬಂತು, ಕೊರಕಲು ಮುಚ್ಚಲೆಂದು ಮೇಲಿನ ಮಣ್ಣನ್ನು ಕೆರೆದು ನುಣ್ಣಗೆ ಮಾಡಿತು. ಗಾಡಿ ಓಡಿ ಓಡಿ ಗಟ್ಟಿಯಾಗಿದ್ದ ಪದರ ಹೋಯಿತು. ಕೆರೆದ ಮಣ್ಣು ಹೊರ ಅಂಚಿನಲ್ಲಿ ಬದುವಾಗಿ ಕೂತಿತು. ಮಳೆ ಬಂದಾಗ ನೀರಿಗೆ ಹೊರಗೆ ಹೋಗಲು ಬಾಯಿಲ್ಲ, ರಸ್ತೆಯೇ ಹಳ್ಳ. ಮುಂದಿನ ಬೇಸಿಗೆಗೆ ಇನ್ನಷ್ಟು ಆಳದ ಕೊರಕಲು, ಇನ್ನಷ್ಟು ಕೆರೆತ.

ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರ್ ಹೊಸ ರಸ್ತೆಗೆ ಹೋದರೆ ಮೊದಲು ಇಂಜಿನ್ ಸ್ಟಾರ್ಟ್ ಮಾಡಲು ಬಿಡುತ್ತಿರಲಿಲ್ಲ. "ತುದಿವರೆಗೂ ನಡಿ ತಮ್ಮಾ, ನೀರು ಎಲ್ಲಿ ಒಳಗೆ ಬರ್ತದೆ, ಎಲ್ಲಿಂದ ಹೊರಗೆ ಹಾಕಬೌದು ನೋಡ್ಕೊಂಡು ಬಾ" ಎನ್ನುತ್ತಿದ್ದರು. ಇವತ್ತಿಗೂ ನನ್ನ ಕೆಲಸ ಹಾಗೇ ಶುರುವಾಗುತ್ತದೆ. ಮೊದಲು ಅಂಚಿನ ಬದುವನ್ನು ಒಳಕ್ಕೆ ಎಳೆದುಕೊಳ್ಳಬೇಕು. ರಸ್ತೆ ಕಳೆದುಕೊಂಡ ಮಣ್ಣೇ ಅಲ್ಲಿರುತ್ತದೆ. ಕೊರಕಲಿಗೆ ಸಡಿಲ ಮಣ್ಣು ಸುರಿದು ಮುಚ್ಚಿದರೆ ಮೊದಲ ಜೋರುಮಳೆಗೆ ಹೊರಟುಹೋಗುತ್ತದೆ. ಅದರ ತಳದವರೆಗೆ ರಿಪ್ಪರ್ ಹಾಕಿ ಕೆದಕಿ, ಹಳೆ ಮಣ್ಣು ಹೊಸ ಮಣ್ಣು ಬೆರೆಸಿ ತುಂಬಬೇಕು. ಆಮೇಲೆ ಬ್ಲೇಡನ್ನು ಒಂದು ಬದಿಗೆ ಓರೆ ಮಾಡಿ ರಸ್ತೆಗೆ ಅಡ್ಡ ಇಳಿಜಾರು ಕೊಡಬೇಕು. ಮಣ್ಣುರಸ್ತೆಗೆ ನೂರಕ್ಕೆ 4ರಿಂದ 5 ಬೇಕು. ಅಂದರೆ 3 ಮೀಟರ್ ಅಗಲಕ್ಕೆ 12ರಿಂದ 15 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಕಣ್ಣಿಗೆ ಅಷ್ಟೇನೂ ಕಾಣುವುದಿಲ್ಲ, ನೀರಿಗೆ ಸಾಕು.

ಕಡಿದಾದ ಏರಿನಲ್ಲಿ ಇದೂ ಸಾಲದು. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಹಾಗಾಗಿ ವೇಗ ಹುಟ್ಟುವ ಮೊದಲೇ ನೀರನ್ನು ಹೊರಗೆ ಹಾಕಬೇಕು. ರಸ್ತೆಗೆ ಓರೆಯಾಗಿ ಅಗಲವಾದ ತಗ್ಗುದಿಬ್ಬಗಳನ್ನು ಮಾಡುತ್ತೇನೆ. ಏರು ಹೆಚ್ಚಾದಷ್ಟೂ ಹತ್ತಿರ ಹತ್ತಿರ. ಜೀಪು ಕುಲುಕುತ್ತದೆ ಎಂದು ತೋಟದ ಯಜಮಾನರು ಗೊಣಗುತ್ತಾರೆ, ಗೊಣಗಲಿ. ನೀರು ಬೀಳುವ ಕಡೆ ಕಲ್ಲು ಹಾಸದಿದ್ದರೆ ಮಾತ್ರ ಅಲ್ಲೇ ಹೊಸ ಕೊರಕಲು ಹುಟ್ಟುತ್ತದೆ.

ಗಾಡಿಯ ವಿಷಯ. ನಾನು ಹೆಚ್ಚು ಓಡಿಸಿದ್ದು ಬಿಇಎಂಎಲ್‌ನ ಡಿ-50, ನಮ್ಮ ಕೆಜಿಎಫ್‌ನಲ್ಲಿ ತಯಾರಾದದ್ದು. ಕ್ಲಚ್-ಬ್ರೇಕ್ ಸ್ಟೇರಿಂಗಿನ ಹಳೆಯ ಗಾಡಿಗಳಲ್ಲಿ ಹೊಸಬರು ಪ್ರಾಣ ಕಳೆದುಕೊಳ್ಳಬಹುದಾದ ಒಂದು ಗುಣವಿದೆ. ಸಮತಟ್ಟಿನಲ್ಲಿ ಎಡಗಡೆ ಲಿವರ್ ಎಳೆದರೆ ಗಾಡಿ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಗಾಡಿ ತನ್ನ ಭಾರಕ್ಕೇ ಇಳಿಯುವಾಗ ಅದೇ ಲಿವರ್ ಎಳೆದರೆ, ಇಂಜಿನ್ನಿನ ಹಿಡಿತ ತಪ್ಪಿದ ಎಡ ಚೈನ್ ಜೋರಾಗಿ ಓಡಿ ಗಾಡಿ ಬಲಕ್ಕೆ ತಿರುಗುತ್ತದೆ. ಕಣಿವೆ ಬಲಕ್ಕಿದ್ದರೆ? ಬ್ರೇಕ್ ಜೊತೆಗೇ ಒತ್ತಬೇಕು. ಇದನ್ನು ಮೈದಾನದ ಸಣ್ಣ ಇಳಿಜಾರಿನಲ್ಲಿ ಕಲಿತು ಬಂದವರಿಗೇ ಗುಡ್ಡದಲ್ಲಿ ಸೀಟು ಕೊಡಬೇಕು. ನ್ಯೂಟ್ರಲ್‌ನಲ್ಲಿ ಇಳಿಸಬಾರದು, ಬ್ಲೇಡು ನೆಲದ ಹತ್ತಿರವೇ ಇರಬೇಕು, ಹಾಸುಬಂಡೆ ಸಿಕ್ಕರೆ ಕಬ್ಬಿಣದ ಚೈನ್ ಜಾರುತ್ತದೆಂದು ನೆನಪಿರಬೇಕು. ಅಂಚಿಗೆ ಮಣ್ಣು ತಳ್ಳುವಾಗ ಒಂದು ಬ್ಲೇಡಿನ ಮಣ್ಣನ್ನು ಈಚೆಗೇ ಬಿಟ್ಟು, ಮುಂದಿನ ಬ್ಲೇಡಿನ ಮಣ್ಣಿನಿಂದ ಅದನ್ನು ದೂಡಬೇಕು. ಪೊದೆ, ಎಲೆಯ ಮೇಲೆ ಸುರಿದ ಮಣ್ಣನ್ನು ರಸ್ತೆ ಎಂದು ನಂಬಿ ಅದರ ಮೇಲೆ ಚೈನ್ ಇಡಬಾರದು. ಒಳಗಿನ ಸೊಪ್ಪು ಕೊಳೆತ ಮೇಲೆ ಇಡೀ ತುಂಡು ಕೆಳಗೆ ಹೋಗುತ್ತದೆ.

ಮಣ್ಣಿನ ಹದ ರೈತರಿಗೆ ಗೊತ್ತು. ರಸ್ತೆಗೂ ಅದೇ ಹದ. ಕಡೂರಿನ ಬಯಲಲ್ಲಿ ಮಣ್ಣು ಒಣಗಿ ಹಿಟ್ಟಾಗಿರುತ್ತದೆ, ಟ್ಯಾಂಕರ್ ನೀರು ಹಾಕದೆ ಬ್ಲೇಡಿಟ್ಟರೆ ಧೂಳು ಬಿಟ್ಟು ಇನ್ನೇನೂ ಇಲ್ಲ. ಅಜ್ಜಂಪುರದ ಎರೆಭೂಮಿ ನೆನೆದರೆ ಉಬ್ಬಿ, ಒಣಗಿದರೆ ಬಿರಿಯುತ್ತದೆ. ಹಸಿಯಿದ್ದಾಗ ಇಳಿದರೆ ಚೈನಿಗೆ ಮೆತ್ತಿಕೊಂಡು ಗಾಡಿಯನ್ನೇ ಕೂರಿಸುತ್ತದೆ. ಅಲ್ಲಿ ಇದ್ದ ಮಣ್ಣನ್ನು ಎಷ್ಟು ಸರಿಸಾಡಿದರೂ ವ್ಯರ್ಥ. ಗ್ರಾವೆಲ್ ತಂದು ರಸ್ತೆಯನ್ನು ಹೊಲಕ್ಕಿಂತ ಎತ್ತರಿಸಬೇಕು. ಒಂದು ಕಾಲಕ್ಕೆ ಭದ್ರಾವತಿ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿಯ ಸುತ್ತಿನ ಗುಡ್ಡದಲ್ಲಿ ಕೆಂಪುಮಣ್ಣು; ಹದವಿದ್ದಾಗ ಚೆನ್ನಾಗಿ ಕೂರುತ್ತದೆ. ಭರಣಿ ಮಳೆ ಬಿದ್ದು ಕೃತ್ತಿಕೆ ಜೋರಾಗುವುದರೊಳಗೆ ಅಲ್ಲಿ ಕೆಲಸ ಮುಗಿಸಿದರೆ ಒಳ್ಳೆಯದು. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಕೈಗೆ ಅಂಟಬಾರದು. ಪುಷ್ಯ, ಆಶ್ಲೇಷದ ಕೆಸರಿನಲ್ಲಿ ಫೋನ್ ಬಂದರೆ ನಾನು ಹೋಗುವುದಿಲ್ಲ.

ಡೋಜರ್ ಓಡಾಡಿದರೆ ಮಣ್ಣು ಗಟ್ಟಿಯಾಗುತ್ತದೆ ಎಂಬ ನಂಬಿಕೆಯೂ ಇದೆ. ಅಗಲವಾದ ಚೈನ್ ಭಾರವನ್ನು ಹರಡುತ್ತದೆ. ನೆಲದ ಮೇಲೆ ಬೀಳುವ ಒತ್ತಡ ನಡೆಯುವ ಮನುಷ್ಯನ ಪಾದದ್ದಕ್ಕಿಂತ ಹೆಚ್ಚೇನಿಲ್ಲ. ಕೆಸರಲ್ಲಿ ಅದು ಹೂತುಹೋಗದಿರಲೆಂದೇ ಹಾಗೆ ಮಾಡಿದ್ದಾರೆ. ಗಟ್ಟಿ ಮಾಡುವುದು ರೋಲರ್ ಕೆಲಸ, ಅದೂ ತೆಳು ಪದರವಾಗಿ ಹಾಕುತ್ತ ಹೋದರೆ. ಡೋಜರ್ ಬಾಡಿಗೆ ಕೊಟ್ಟು ರೋಲರ್ ಬಾಡಿಗೆ ಉಳಿಸುವವರ ರಸ್ತೆ ಆ ಮಳೆಗಾಲವನ್ನೂ ದಾಟುವುದಿಲ್ಲ.

ಬಾಡಿಗೆ ಗಂಟೆ ಲೆಕ್ಕ. ಹಾಗಾಗಿ ನುಣುಪು ಕಂಡರೆ ಕೊಟ್ಟ ದುಡ್ಡು ದಕ್ಕಿತು ಅನ್ನಿಸುತ್ತದೆ. ನುಣುಪು ನೋಡಿ ಕೆಲಸ ಅಳೆಯಬೇಡಿ. ಈ ಮಳೆಗಾಲದಲ್ಲಿ, ಜೋರುಮಳೆ ಹೊಡೆಯುವಾಗಲೇ ಕೊಡೆ ಹಿಡಿದು ನಿಮ್ಮ ರಸ್ತೆಯ ಉದ್ದಕ್ಕೂ ನಡೆಯಿರಿ. ನೀರು ರಸ್ತೆಗೆ ಇಳಿಯುವ ಪ್ರತಿ ಜಾಗಕ್ಕೂ ಒಂದು ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಬರುವ ಆಪರೇಟರ್‌ಗೆ, ಗಾಡಿ ಟ್ರೇಲರ್‌ನಿಂದ ಇಳಿಯುವ ಮೊದಲೇ, ಆ ಗೂಟಗಳನ್ನು ತೋರಿಸಿ.