ನಾಲ್ಕನೆಯವನ ಓಟ

ಶಾಲೆಯ ಗುಡ್ಡಗಾಡು ಓಟ ಮುಗಿಸಿ ಮಗ ಮನೆಗೆ ಬಂದಾಗ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ‘ಎಷ್ಟನೆಯವನಾಗಿ ಬಂದೆ?’ ಎಂದಲ್ಲವೇ? ‘ಮೂವತ್ತನೆಯವನು’ ಎಂದು ಅವನು ತಲೆ ತಗ್ಗಿಸಿದರೆ ನಮ್ಮ ಮುಖವೂ ಸಪ್ಪಗಾಗುತ್ತದೆ. ಅದನ್ನು ಕಂಡ ಮಗು ಮರುದಿನ ಅಭ್ಯಾಸಕ್ಕೇ ಹೋಗುವುದಿಲ್ಲ. ಹಾಗಾಗುವ ಮುನ್ನ ಈ ಓಟದ ಲೆಕ್ಕವನ್ನು ತಿಳಿದುಕೊಳ್ಳೋಣ.

ಇದು ಸಮತಟ್ಟಾದ ಮೈದಾನದ ಓಟವಲ್ಲ. ಏರು, ಇಳಿಜಾರು, ಹೊಲದ ಬದು, ಕಲ್ಲುಹಾದಿಗಳ ಓಟ. ಹಿರಿಯೂರಿನಿಂದ ಮಾರಿಕಣಿವೆಯ ಕಡೆಗೆ ಹೋದವರಿಗೆ ಇಂಥ ನೆಲದ ಪರಿಚಯವಿದೆ. ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ 16 ವರ್ಷದೊಳಗಿನವರು 2 ಕಿ.ಮೀ. ಓಡಿದರೆ, 18 ವರ್ಷದೊಳಗಿನ ಬಾಲಕರು 6 ಕಿ.ಮೀ., ಬಾಲಕಿಯರು 4 ಕಿ.ಮೀ. ಓಡುತ್ತಾರೆ.

ಇಲ್ಲಿ ಒಬ್ಬೊಬ್ಬರಿಗೆ ಕೊಡುವ ಬಹುಮಾನದ ಜೊತೆಗೆ ತಂಡದ ಬಹುಮಾನವೂ ಉಂಟು. ವಿಶ್ವ ಸ್ಪರ್ಧೆಯಲ್ಲಿ ಒಂದು ತಂಡದಿಂದ ಆರು ಮಂದಿ ಓಡುತ್ತಾರೆ. ಅವರಲ್ಲಿ ಮುಂದೆ ಬಂದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಕಡಿಮೆ ಮೊತ್ತದ ತಂಡ ಗೆಲ್ಲುತ್ತದೆ. ಒಂದು ತಂಡದವರು 1, 2, 3 ಮತ್ತು 30ನೆಯವರಾಗಿ ಬಂದರೆ ಮೊತ್ತ 36. ಇನ್ನೊಂದು ತಂಡದವರು 4, 7, 9, 11ನೆಯವರಾದರೆ ಮೊತ್ತ 31. ಮೊದಲ ಮೂರರಲ್ಲಿ ಒಬ್ಬರೂ ಇಲ್ಲದ ತಂಡಕ್ಕೇ ಗೆಲುವು! ಆದರೆ ಆ ಮೂವತ್ತನೆಯವನು ಕೊನೆಯ ಏರಿನಲ್ಲಿ ಆರು ಮಂದಿಯನ್ನು ದಾಟಿದ್ದರೆ ಮೊತ್ತ 30 ಆಗಿ ಅವನ ತಂಡವೇ ಗೆಲ್ಲುತ್ತಿತ್ತು. ಚಪ್ಪಾಳೆ ಸಿಗುವುದು ಮೊದಲನೆಯವನಿಗೆ. ಗೆಲುವನ್ನು ತೀರ್ಮಾನಿಸುವವನು ನಾಲ್ಕನೆಯವನು.

ಕೊರಿಂಥದ ಸಮೀಪ ಎರಡು ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಯುತ್ತಿತ್ತು. ಸಂತ ಪೌಲರು ಆ ಊರಿನವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಓಟಗಾರನ ಹೋಲಿಕೆ ಕೊಡುತ್ತಾರೆ. 12ನೇ ಅಧ್ಯಾಯದಲ್ಲಿ ಒಂದೇ ದೇಹದ ಅನೇಕ ಅಂಗಗಳ ಹೋಲಿಕೆ ಕೊಡುತ್ತಾರೆ. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಎರಡನ್ನೂ ಜೊತೆಯಾಗಿ ಓದಿದರೆ ಈ ಓಟದ ಅರ್ಥ ತಿಳಿಯುತ್ತದೆ.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಿಕೊಡಿ: ಆರಂಭದಲ್ಲೇ ಶಕ್ತಿಯನ್ನೆಲ್ಲ ಸುರಿಯಬೇಡ. ಏರಿನಲ್ಲಿ ಹೆಜ್ಜೆ ಚಿಕ್ಕದಾಗಿರಲಿ. ಬಿಸಿಲೇರುವ ಮುನ್ನ ಅಭ್ಯಾಸ ಮಾಡು, ನೀರು ಕುಡಿ. ತಲೆ ಸುತ್ತಿದರೆ ನಿಲ್ಲು, ಅದು ಸೋಲಲ್ಲ. ಬರೀ ನಾಚಿಕೆಗಾಗಿ ಮಾತ್ರ ನಿಲ್ಲಬೇಡ.

ನೀವು ಗುರಿಯ ಗೆರೆಯ ಬಳಿ ನಿಂತಿದ್ದರೆ, ಕೊನೆಯ ಮಗು ಬರುವವರೆಗೂ ಅಲ್ಲೇ ಇರಿ.

ಮನೆಯಲ್ಲಿ ಮಾತನಾಡಿ:
1. ನಮ್ಮ ಮನೆಯಲ್ಲಿ ಚಪ್ಪಾಳೆ ಸಿಗದೆ ದುಡಿಯುವವರು ಯಾರು?
2. ಮಗು ಓಟದಿಂದ ಬಂದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಯಾವುದು?