ತೊಡೆಮೂಳೆಯ ಕುತ್ತಿಗೆ ಮುರಿತ ಮತ್ತು ಮೂಳೆ ಕಸಿ



ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅಡಿಕೆ ಮರದಿಂದ ಬಿದ್ದ ಯುವ ಕಾರ್ಮಿಕರೊಬ್ಬರು ಐದು ವಾರ ಸೊಂಟಕ್ಕೆ ನಾಟಿ ಪಟ್ಟು ಕಟ್ಟಿಸಿಕೊಂಡು ಮಲಗಿದ್ದರು. ಅನಂತರ ತೆಗೆಸಿದ ಎಕ್ಸ್-ರೇಯಲ್ಲಿ ತೊಡೆಮೂಳೆಯ ಕುತ್ತಿಗೆ ಮುರಿದಿರುವುದು ಕಂಡಿತು, ತುಂಡುಗಳು ಕೂಡಿರಲಿಲ್ಲ. ಮೊದಲ ದಿನಗಳಲ್ಲಿ ಸ್ಕ್ರೂಗಳಿಂದಲೇ ಮುಗಿಯಬಹುದಾಗಿದ್ದ ಚಿಕಿತ್ಸೆಗೆ ಈಗ ಮೂಳೆ ಕಸಿ ಬೇಕಾಯಿತು.

ಕೈಮೂಳೆ ಪಟ್ಟಿನಿಂದ ಕೂಡಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಮೂಳೆ ಏಕೆ ಹಾಗೆ ಕೂಡದು? ತೊಡೆಮೂಳೆಯ ಮೇಲ್ತುದಿಯ ಗೋಳವು ಸೊಂಟದ ಗುಳಿಯೊಳಗೆ ಕುಳಿತಿರುತ್ತದೆ. ಅದಕ್ಕೆ ಬಹುಪಾಲು ರಕ್ತ ಬರುವುದು ಕುತ್ತಿಗೆಗೆ ಅಂಟಿಕೊಂಡು ಸಾಗುವ ಸಣ್ಣ ನಾಳಗಳಿಂದ. ಕುತ್ತಿಗೆ ಮುರಿದಾಗ ಅವೂ ಹರಿಯಬಹುದು. ಇಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಈ ಕುತ್ತಿಗೆ ಗೋಡೆಯಿಂದ ಹೊರಚಾಚಿದ ತೊಲೆಯಂತೆ ಕಾಣುತ್ತದೆ. ತೊಡೆಮೂಳೆಯ ಕಾಂಡದೊಡನೆ ಅದರ ಕೋನ ಸುಮಾರು 130 ಡಿಗ್ರಿ. ಒಂಟಿಕಾಲಿನಲ್ಲಿ ನಿಂತರೆ ದೇಹತೂಕದ ಎರಡೂವರೆಯಿಂದ ಮೂರು ಪಟ್ಟು ಬಲ ಈ ಕೀಲಿನ ಮೇಲೆ ಬೀಳುತ್ತದೆ. ಮುರಿದ ತುಂಡುಗಳು ಒಂದರ ಮೇಲೊಂದು ಜಾರುವುದನ್ನು ಹೊರಗಿನ ಯಾವ ಕಟ್ಟೂ ತಡೆಯಲಾರದು.

ಕಸಿಗೆ ಮೊಣಕಾಲ ಕೆಳಗಿನ ತೆಳು ಮೂಳೆಯಾದ ಫಿಬುಲಾದಿಂದ, ಪಾದದ ಕೀಲಿನ ಬಳಿಯ ಭಾಗವನ್ನು ಉಳಿಸಿ, ಒಂದು ತುಂಡನ್ನು ತೆಗೆಯುತ್ತಾರೆ. ಭಾರದ ಬಹುಪಾಲನ್ನು ಪಕ್ಕದ ದಪ್ಪ ಮೂಳೆಯೇ ಹೊರುವುದರಿಂದ ಸಾಮಾನ್ಯವಾಗಿ ನಡಿಗೆಗೆ ಅಡ್ಡಿಯಾಗದು. ಮುರಿತವನ್ನು ಸರಿಹೊಂದಿಸಿ, ಸ್ಕ್ರೂಗಳ ಜೊತೆಗೆ ಈ ತುಂಡನ್ನು ಕುತ್ತಿಗೆಯ ಮೂಲಕ ಗೋಳದವರೆಗೆ ಗೂಟದಂತೆ ಕೂರಿಸುತ್ತಾರೆ. ಅದು ಆಧಾರವೂ ಹೌದು, ಹೊಸ ಮೂಳೆ ಹಬ್ಬಲು ಚಪ್ಪರವೂ ಹೌದು. ಅನಂತರವೂ ತಿಂಗಳುಗಟ್ಟಲೆ ಕಾಲಿಗೆ ಪೂರ್ಣ ಭಾರ ಹಾಕುವಂತಿಲ್ಲ. ಕೂಲಿಯನ್ನೇ ನಂಬಿದ ಮನೆಗೆ ಇದೇ ದೊಡ್ಡ ಪೆಟ್ಟು. ಗೋಳವು ರಕ್ತವಿಲ್ಲದೆ ಸತ್ತು ಕುಸಿದಿದ್ದರೆ ಕಸಿಯಿಂದಲೂ ಪ್ರಯೋಜನವಿಲ್ಲ. ಕೃತಕ ಕೀಲೇ ಬೇಕಾಗಬಹುದು.

ವೃದ್ಧರ ವಿಷಯ ಬೇರೆ. ಬಚ್ಚಲಿನಲ್ಲಿ ಜಾರಿ ಬಿದ್ದ ಎಪ್ಪತ್ತರ ಅಜ್ಜಿಯ ಮೂಳೆ ಕುತ್ತಿಗೆಯಲ್ಲಿ ಮುರಿದು ಸರಿದಿದ್ದರೆ ವೈದ್ಯರು ಸಾಮಾನ್ಯವಾಗಿ ಗೋಳವನ್ನೇ ಬದಲಿಸುತ್ತಾರೆ. “ವಯಸ್ಸಾಯಿತು, ಮಲಗಿರಲಿ” ಎಂದು ಬಿಟ್ಟರೆ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಕಾಡುತ್ತವೆ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಲೇಸು.

ಬಿದ್ದವರ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ನೀವುವುದು, ಎಳೆಯುವುದು, ನಿಲ್ಲಿಸುವುದು ಯಾವುದೂ ಕೂಡದು. 108ಕ್ಕೆ ಕರೆ ಮಾಡಿಸಿ. ಕೆಲವರು ಕುಂಟುತ್ತ ನಡೆದಾಡುವುದೂ ಉಂಟು. ಬಿದ್ದ ಮೇಲೆ ತೊಡೆಸಂದಿಯಲ್ಲಿ ನೋವಿದ್ದರೆ ಅವರಿಗೂ ಎಕ್ಸ್-ರೇ ಅಗತ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೋಗಿಯೊಡನೆ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡು ಹೋಗುವಂತೆ ಆಯಾ ವಾರ್ಡಿನ ಸದಸ್ಯರು ನೋಡಿಕೊಳ್ಳಬೇಕಾಗಿ ಕೋರಿಕೆ.